ಇಮರು: ಮೂರು ಮನೆಯ ಒಂದು ಮಾತು

ಅಜ್ಜನ ಬಲ ಅಂಗೈಯ ನಡುವೆ ಒಂದು ರೂಪಾಯಿ ನಾಣ್ಯದಷ್ಟಗಲ ಜಡ್ಡುಗಟ್ಟಿತ್ತು. ಉಗುರಿನಿಂದ ಕುಟ್ಟಿದರೆ ಟಕ್ ಎಂದು ಸದ್ದು ಬರುತ್ತಿತ್ತು. ನಾನು ಪತ್ರಿಕೆಗೆ ಸೇರಿದ ಮೊದಲ ವಾರವೇ ಅವರು ಅದನ್ನು ನನ್ನ ಮೇಜಿನ ಅಂಚಿಗೆ ಬಡಿದು ತೋರಿಸಿ, "ಕೇಳಿಸ್ತಾ? ಒಳಗೆ ಯಾರೂ ಇಲ್ಲ" ಎಂದು ನಕ್ಕಿದ್ದರು. ಮೂವತ್ತು ವರ್ಷ ದಾವಣಗೆರೆಯ ಬೀದಿಗಳಲ್ಲಿ ಕುಡಿಯುವ ನೀರಿನ ವಾಲ್ವ್ ತೆಗೆದು ಮುಚ್ಚಿದ ಕೈ ಅದು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಮೇಲಿನ ಅಡ್ಡಪಟ್ಟಿಯನ್ನು ಅಂಗೈಯಿಂದ ಒತ್ತಿ ಒತ್ತಿ ತಿರುಗಿಸಬೇಕಂತೆ. ಹಾಗೆ ಒತ್ತಿದ ಜಾಗ ಗಟ್ಟಿಯಾಗಿ ಹೋಗಿತ್ತು.

ನಿವೃತ್ತರಾದ ಮೇಲೆ ಅದೇ ಕೈ ನಮ್ಮ ಪತ್ರಿಕೆಗೆ ಪದಬಂಧ ಬರೆಯುತ್ತಿತ್ತು. ನಮ್ಮದು ದಾವಣಗೆರೆಯ ಸಣ್ಣ ದಿನಪತ್ರಿಕೆ. ಭಾನುವಾರದ ಪುರವಣಿಯ ಪುಟ ಕಟ್ಟುವುದು ನನ್ನ ಕೆಲಸ. ಆಫೀಸಿನಲ್ಲಿ ಎಲ್ಲರೂ ಅವರನ್ನು ಪದಬಂಧದಜ್ಜ ಎನ್ನುತ್ತಿದ್ದರು, ನಾನು ಬರೀ ಅಜ್ಜ ಎನ್ನುತ್ತಿದ್ದೆ. ಪ್ರತಿ ಗುರುವಾರ ಹರಿಹರದಿಂದ ಬಸ್ಸು ಹತ್ತಿ ಬರುವರು. ಬಂದವರು ಮೊದಲು ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ತೊಟ್ಟಿಕ್ಕುತ್ತಿದೆಯೇ ನೋಡುವರು. ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಜೇಬಿನಿಂದ ಸೈಕಲ್ ಟ್ಯೂಬಿನ ಚೂರು ತೆಗೆದು ನಲ್ಲಿಯ ಬಾಯಿ ಕಟ್ಟಿ, "ಪೇಪರ್ನೋರಿಗೆ ನಾಚಿಕಿ ಇರ್ಬೇಕು" ಎಂದು ಗೊಣಗಿದ ಮೇಲೆಯೇ ನನ್ನ ಮೇಜಿಗೆ ಬಂದು, ಮಕ್ಕಳ ಗಣಿತದ ಚೌಕುಳಿ ಪುಸ್ತಕದಿಂದ ಹರಿದ ಹಾಳೆಯನ್ನು ಬಿಚ್ಚಿಡುವರು. ಚೌಕ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಮನಿ ಅನ್ನು. ಒಂದೊಂದು ಅಕ್ಷರಕ್ಕೂ ಒಂದೊಂದು ಮನಿ. ಖಾಲಿ ಮನಿ ನೋಡಿದ್ರೆ ನನಗೆ ಸಂಕಟ ಆಗ್ತೈತೆ" ಎನ್ನುವರು.

ಅವರು ಓದಿದ್ದು ಏಳನೇ ಕ್ಲಾಸು. ಪದಬಂಧದ ಹುಚ್ಚು ಹಿಡಿದದ್ದು ವಾಲ್ವಿನ ಗುಂಡಿಯ ಪಕ್ಕದಲ್ಲಿ. ಒಂದು ಬೀದಿಗೆ ನೀರು ಬಿಟ್ಟರೆ ಮುಚ್ಚುವ ತನಕ ಅಲ್ಲೇ ಕಾಯಬೇಕಲ್ಲ, ಆಗ ಯಾರದೋ ಮನೆಯ ಹಳೆ ಪೇಪರ್ ಇಸಿದುಕೊಂಡು ತುಂಬುತ್ತಾ ಕೂರುತ್ತಿದ್ದರಂತೆ. ಮಾತುಗಳು ಸಿಕ್ಕಿದ್ದೂ ಅಲ್ಲೇ.

"ನೀರು ಬಂದಾಗ ಯಾರೂ ಮಾತಾಡಲ್ಲ ಮಗಳೇ. ಕೊಡ ಇಡೋದು, ತುಂಬ್ಕೊಳೋದು, ಹೋಗೋದು. ನೀರು ನಿಲ್ಲಲಿ ನೋಡು, ಆವಾಗ ಬರ್ತಾವೆ ಮಾತು!"

ನೀರು ಬಾರದ ದಿನ ಇಡೀ ಊರು ಅವರನ್ನು ಬೈದಿತ್ತು, ಅವರು ಆ ಬೈಗುಳದಿಂದ ಪದಗಳನ್ನು ಆರಿಸಿಕೊಂಡಿದ್ದರು. ಎಸ್.ಎಸ್. ಬಡಾವಣೆಯ ಸಾಹೇಬರೊಬ್ಬರು 'ಸರಬರಾಜು ಸ್ಥಗಿತ' ಎಂದು ಚೀಟಿ ಬರೆದು ಕಳಿಸುತ್ತಿದ್ದರು. ಸರಸ್ವತಿ ನಗರದ ಒಬ್ಬ ತಾಯಿ "ನಲ್ಲಿ ಸತ್ತೋಗೈತೆ, ಬಂದು ಮಣ್ಣು ಮಾಡ್ರಿ" ಎಂದು ಕೂಗುತ್ತಿದ್ದಳು. ಹೊಲದಿಂದ ಬಂದವರು ಇಂಗಿತು, ಬತ್ತಿತು, ಮಡುಗಟ್ಟಿತು ಎನ್ನುತ್ತಿದ್ದರು. ಒಂದೊಂದೂ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ ಎಂಬುದು ಅಜ್ಜನ ವಾದ. "ಹರಿಯೋದಕ್ಕೆ ಒಂದೇ ಮಾತು ಸಾಕು. ಹರಿಯದೆ ಇರೋದಕ್ಕೆ ಊರಿಗೊಂದು ಮಾತು ಬೇಕು" ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಅವರದೊಂದು ನೇಮವಿತ್ತು. ನಿಘಂಟು ನೋಡಿ ಪದಬಂಧ ಮಾಡುತ್ತಿರಲಿಲ್ಲ. ಯಾರ ಬಾಯಿಂದಲಾದರೂ ಕೇಳಿದ ಮಾತೇ ಆಗಬೇಕು. ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಎಡಕ್ಕೆ ಮಾತು, ಬಲಕ್ಕೆ 'ಬಾಯಿ' ಎಂದು ಬರೆದು ಅದನ್ನು ಯಾರು ಆಡಿದರೆಂಬುದನ್ನು ಗುರುತು ಮಾಡುವರು. ಬಾಯಿ: ಹೂವಿನಾಕೆ. ಬಾಯಿ: ಬಸ್ ಕಂಡಕ್ಟರ್. ಮಾತು ಕೊಟ್ಟವರಿಗೆ, "ನಿಮ್ಮಾತು ಪೇಪರ್ನಾಗೆ ಬರ್ತೈತೆ, ನೋಡ್ಕೊಳ್ರಿ" ಎಂದು ಹೇಳಿಯೇ ಹೇಳುವರು, ಬಂದಾಗ ಕತ್ತರಿಸಿ ಒಯ್ದು ಕೊಟ್ಟೂ ಕೊಡುವರು.

ಒಮ್ಮೆ 'ಹರಿಯದ ಮೊಸರು' ಎಂದು ಸುಳಿವು ಕೊಟ್ಟು, ಮೂರು ಮನೆಗೆ 'ಗರಣೆ' ಎಂದು ಉತ್ತರ ಬರೆದಿದ್ದರು. ನಮ್ಮ ಸಂಪಾದಕರು ಕನ್ನಡಕದ ಮೇಲಿಂದ ನೋಡಿ, ಇಂಥ ಮಾತು ಯಾರು ಆಡುತ್ತಾರೆ ಅಜ್ಜಾರೆ, ಗಟ್ಟಿಮೊಸರು ಅಂತ ಮಾಡಿ ಎಂದರು. ಅಜ್ಜ ಎದ್ದು ಹೋದರು. ಎರಡು ತಾಸಿನ ಮೇಲೆ ಬಂದರೆ ಜೊತೆಗೆ ಆನಗೋಡಿನ ಮೊಸರು ಮಾರುವ ಹೆಂಗಸು, ತಲೆಯ ಮೇಲೆ ಗಡಿಗೆ ಸಮೇತ! ಆಕೆ ಸಂಪಾದಕರ ಮೇಜಿನ ಮೇಲೆ, ಅವರ ಬರಹದ ಹಾಳೆಗಳ ಮೇಲೆಯೇ ಗಡಿಗೆ ಇಟ್ಟು, ಸೌಟಿನಿಂದ ಒಂದು ಗಡ್ಡೆ ಎತ್ತಿ ಹಿಡಿದು, "ಇದು ಗರಣಿ ಅಲ್ದೆ ನಿಮ್ಮ ತಲಿ ಏನ್ರಿ ಸಾಹೇಬ್ರೆ?" ಎಂದಳು. ಆಫೀಸಿಗೆ ಆಫೀಸೇ ಬಿದ್ದು ಬಿದ್ದು ನಕ್ಕಿತು. ಸಂಪಾದಕರೂ ನಕ್ಕರು, ಎಲ್ಲರಿಗೂ ಮೊಸರು ಕೊಡಿಸಿದರು. ಆಕೆ ಹೋದ ಮೇಲೆ ಮಾತ್ರ ಇಬ್ಬರು ಆಕೆಯ ನಡಿಗೆಯನ್ನೂ ಮಾತನ್ನೂ ಅಣಕಿಸಿ ತೋರಿಸಿ ಇನ್ನೊಮ್ಮೆ ನಗಿಸಿದರು.

ಆ ಎರಡನೆಯ ನಗುವಿನಲ್ಲಿ ನಾನೂ ಸೇರಿದ್ದೆ. ನಗುತ್ತಲೇ ನನಗೊಂದು ಹೆದರಿಕೆ ಹೊಕ್ಕಿತು.

ನಾನು ಮಂಡಕ್ಕಿ ಹುರಿಯುವ ಭಟ್ಟಿಯವರ ಮಗಳು. ನಮ್ಮ ಮನೆಯಲ್ಲಿ ಉರ್ದು, ಭಟ್ಟಿಯಲ್ಲಿ ಕೆಲಸದವರೊಂದಿಗೆ ಕನ್ನಡ. ಕನ್ನಡ ಎಂ.ಎ. ಮಾಡಿ ಪತ್ರಿಕೆಗೆ ಬಂದಾಗ, "ಅರೆ, ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಎಂದು ದಿನಕ್ಕೊಬ್ಬರು ಆಶ್ಚರ್ಯಪಡುತ್ತಿದ್ದರು. ಹೊಗಳಿಕೆಯೇ, ಸರಿ. ಆದರೆ ಅದನ್ನು ಕೇಳಿ ಕೇಳಿ ನಾನು ಬಾಯಿಗೆ ಕಾವಲು ಹಾಕಿಕೊಂಡುಬಿಟ್ಟೆ. ಒಂದು ಸಲ ಭಟ್ಟಿಯ ಮಾತೊಂದು ಬಾಯಿತಪ್ಪಿ ಬಂದು, ಪಕ್ಕದ ಮೇಜಿನವರು "ಏನಂದ್ರಿ, ಏನಂದ್ರಿ?" ಎಂದು ಮೂರು ದಿನ ರೇಗಿಸಿದ್ದರು. ಅಂದಿನಿಂದ ಮನೆಯ ಮಾತನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ದೊಡ್ಡ ವಿದ್ವಾಂಸೆ ನಾನು!

ಹೀಗಿರುವಾಗ ಒಂದು ಗುರುವಾರ ಅಜ್ಜ, "ನಿಮ್ಮ ಭಟ್ಟಿ ನೋಡ್ಬೇಕು ಮಗಳೇ" ಎಂದು ನನ್ನ ಹಿಂದೆಯೇ ಮನೆಗೆ ಬಂದರು. ಅಮ್ಮಿ ಆಗ ಅಕ್ಕಿಗೆ ಉಪ್ಪುನೀರು ಬೆರೆಸಿ ಒಲೆಯ ಮೇಲೆ ಕೈಯಾಡಿಸುತ್ತಿದ್ದಳು. ಮಂಡಕ್ಕಿಯ ಗುಟ್ಟೆಲ್ಲ ಆ ಹದದಲ್ಲಿ. ಆ ನೀರನ್ನು ಅಕ್ಕಿ ಪೂರ್ತಿ ಕುಡಿದುಕೊಳ್ಳಬೇಕು, ಆಮೇಲೆ ಕಾದ ಮರಳಿಗೆ ಹಾಕಿದರೆ ಅರಳುತ್ತದೆ. ಅಜ್ಜ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಇನ್ನೂ ಎಷ್ಟು ಹೊತ್ತು ತಾಯೀ ಎಂದು ಕೇಳಿದರು.

"ತಡೀರಿ ಅಜ್ಜಾರೆ, ನೀರು ಇಮರ್ಬೇಕು" ಎಂದಳು ಅಮ್ಮಿ. "ಇಮರದಿದ್ರೆ ಅರಳಲ್ಲ, ಹಲ್ಲಿಗೆ ಕಲ್ಲು ಸಿಕ್ಕಂಗೆ ಸಿಗ್ತೈತೆ."

ಅಜ್ಜನ ಕೈ ಜೇಬಿಗೆ ಹೋಯಿತು, ಪೆನ್ಸಿಲ್ ಹೊರಗೆ ಬಂತು.

"ಏನಂದ್ರಿ? ಇನ್ನೊಮ್ಮೆ ಅನ್ರಿ."

"ಇಮರ್ಬೇಕು."

"ಮೂವತ್ತು ವರ್ಷ ನೀರು ನಿಲ್ಸೋ ಕೆಲ್ಸ ಮಾಡೀನಿ, ಈ ಮಾತು ಸಿಕ್ಕಿರ್ಲಿಲ್ಲ ನೋಡ್ರಿ" ಎಂದು ಅಜ್ಜ ಹುಡುಗನ ಹಾಗೆ ಕುಣಿದರು. "ಬತ್ತಿದ ನೀರು ಹೋತು. ನಿಂತ ನೀರು ನಾರ್ತೈತೆ. ಇಮರಿದ ನೀರು ಕಣ್ಣಿಗೆ ಕಾಣಲ್ಲ, ಆದ್ರೆ ಅಕ್ಕಿಯೊಳಗೇ ಐತೆ. ಬರೋ ಭಾನುವಾರ ನಿಮ್ಮಾತು ಪೇಪರ್ನಾಗೆ ಬರ್ತೈತೆ ತಾಯೀ. ನಾನು ಮಾತು ಕೊಟ್ಟೀನಿ."

ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಉರ್ದುವೂ ಅಷ್ಟಕ್ಕಷ್ಟೆ. ಆದರೆ ಭಾನುವಾರದ ತನಕ ಅವಳು ಭಟ್ಟಿಗೆ ಬಂದವರಿಗೆಲ್ಲ ಹೇಳಿದಳು, ಪೇಪರಿನಲ್ಲಿ ನನ್ನ ಮಾತು ಬರುತ್ತದಂತೆ ಎಂದು. ನಮ್ಮ ಅಬ್ಬಾ ರೇಗಿಸಿದರೂ ಬಿಡಲಿಲ್ಲ.

ಶುಕ್ರವಾರ ಅಜ್ಜ ಬಸ್ ಕಂಡಕ್ಟರ್ ಕೈಲಿ ಕಳಿಸಿದ ಹೊಸ ಹಾಳೆ ನನ್ನ ಕೈಗೆ ಬಂತು. ಸುಳಿವು: ಹರಿಯುವುದರ ವಿರುದ್ಧ, ಮೂರು ಮನೆ. ಉತ್ತರ: ಇಮರು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, 'ಬಾಯಿ: ನಮ್ಮ ಹುಡುಗಿಯ ಅಮ್ಮ'.

ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ದಾರಿಯೂ ನನಗಿಲ್ಲ. ಸಂಪಾದಕರು ಕನ್ನಡಕದ ಮೇಲಿಂದ ನೋಡಿ, ಇಂಥ ಮಾತು ಯಾರು ಆಡುತ್ತಾರೆ ಎಂದು ಕೇಳುತ್ತಾರೆ. ಅಜ್ಜ ಎದ್ದು ಹೋಗುತ್ತಾರೆ. ಎರಡು ತಾಸಿನ ಮೇಲೆ ಮಸಿ ಹತ್ತಿದ ದುಪಟ್ಟಾದಲ್ಲಿ, ಹೊಗೆಯ ವಾಸನೆ ಹೊಡೆಯುತ್ತಾ ನಮ್ಮ ಅಮ್ಮಿ ಆಫೀಸಿನ ನಡುವೆ ನಿಂತು "ಇಮರ್ಬೇಕ್ರೀ" ಎನ್ನುತ್ತಾಳೆ. ಅವಳು ಹೋದ ಮೇಲೆ ಇವರು ಅಣಕಿಸುತ್ತಾರೆ. ಇಷ್ಟೂ ನನ್ನ ಕಣ್ಣ ಮುಂದೆ ಬಂದುಬಿಟ್ಟಿತು. ನಾನು ಉತ್ತರದ ಮೂರು ಮನೆಯಲ್ಲಿ 'ನಿಂತಿರು' ಎಂದು ಟೈಪ್ ಮಾಡಿದೆ. ನಿಂ, ತಿ, ರು. ಲಕ್ಷಣವಾಗಿ ಕೂತಿತು. ಅಜ್ಜನ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮೇಲಿನಿಂದ ಕೆಳಕ್ಕೆ ಬರುವ ಮಾತನ್ನು ನೋಡಲೇ ಇಲ್ಲ. ಇಮರುವಿನ ನಡುವಿನ 'ಮ' ಕಮಲದ 'ಮ'ವೂ ಆಗಿತ್ತು. ಭಾನುವಾರ ಖಾಲಿ ಮನೆಗಳು ಅಚ್ಚಾದವು, ಸೋಮವಾರ ಉತ್ತರ ಅಚ್ಚಾಯಿತು. 'ಕೆಸರಿನಲ್ಲಿ ಅರಳುವ ಹೂವು' ಎಂಬ ಸುಳಿವಿಗೆ ನಮ್ಮ ಪತ್ರಿಕೆ 'ಕತಿಲ' ಎಂಬ ಹೂವನ್ನು ಅರಳಿಸಿತ್ತು.

ಬೆಳಿಗ್ಗೆಯಿಂದ ಫೋನು. ಒಬ್ಬರು ಕತಿಲದ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅದರ ಫೋಟೋ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಸಂಪಾದಕರು ನನ್ನನ್ನು ಕರೆದು, ಇದೇನಿದು ಎಂದರು. ಆ ಕ್ಷಣದಲ್ಲಿ ನಿಜ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿದುಹೋಗುತ್ತಿತ್ತು.

"ಅಜ್ಜ ಕೊಟ್ಟಿದ್ದೇ ಹಂಗೆ ಸರ್. ನಾನು ಇದ್ದಂಗೆ ಟೈಪ್ ಮಾಡಿದೆ."

ಥೂ, ನನ್ನ ಬಾಯಿಗಿಷ್ಟು. ಅಷ್ಟು ಸಲೀಸಾಗಿ ಬಂತು.

ಸಂಪಾದಕರು ನನ್ನೆದುರಿಗೇ ಹರಿಹರಕ್ಕೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿದರು. ಸಂಗತಿ ಕೇಳಿಸಿಕೊಂಡು ಅಜ್ಜ ಕೇಳಿದರು, "ನಮ್ಮ ಹುಡುಗಿ ಅಲ್ಲೇ ಐತೇನ್ರಿ?"

"ಇಲ್ಲೇ ಇದ್ದಾಳೆ. ನೀವು ಕೊಟ್ಟಂತೆಯೇ ಹಾಕಿದ್ದೀನಿ ಅಂತಿದ್ದಾಳೆ."

"ಹೂಂ ಸರ್, ಹಂಗಾರೆ ನಂದೇ ತಪ್ಪು" ಎಂದರು ಅಜ್ಜ. "ವಯಸ್ಸಾತು. ಕಣ್ಣು ಮಂಜು."

ಅವರ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಿತ್ತು. ನನಗೆ ಗೊತ್ತಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ. ಮುಂದಿನ ಭಾನುವಾರದಿಂದ ಆ ಜಾಗಕ್ಕೆ ಬೇರೆ ಊರಿನಿಂದ ಇಮೇಲಿನಲ್ಲಿ ಬರುವ ಅಂಕಿಗಳ ಆಟ ಬಂತು. ಗುರುವಾರ ಅಜ್ಜ ಬರಲಿಲ್ಲ, ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು. ಎಂದೂ ಒಂದು ಮಾತು ತಪ್ಪದ ಮನುಷ್ಯ ಊರಿನ ಬಾಯಲ್ಲಿ 'ಕತಿಲದಜ್ಜ' ಆಗಿಹೋದರು. ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಹಾಗೆ ಕರೆದು ನಕ್ಕರಂತೆ ಎಂದು ಆಫೀಸಿನಲ್ಲಿ ಯಾರೋ ಹೇಳಿದಾಗ ನಾನು ತಲೆ ತಗ್ಗಿಸಿ ಪುಟ ಕಟ್ಟುತ್ತಿದ್ದೆ.

ಆ ಸೋಮವಾರ ಸಂಜೆ ಮನೆಗೆ ಹೋದರೆ ಅಮ್ಮಿ ಬಾಗಿಲಲ್ಲೇ ಕಾದಿದ್ದಳು.

"ಬಂತಾ? ನನ್ನ ಮಾತು ಬಂತಾ?"

"ಬರಲಿಲ್ಲ ಅಮ್ಮಿ. ಅಜ್ಜ ಮರೆತಿರಬೇಕು" ಎಂದೆ. ಒಂದೇ ದಿನ, ಅದೇ ಮನುಷ್ಯನ ಮೇಲೆ ಎರಡನೆಯ ಸುಳ್ಳು.

"ಅವರು ಮರೆಯುವವರಲ್ಲ" ಎಂದು ಅಮ್ಮಿ ಒಳಗೆ ಹೋದಳು.

ಮೂರನೆಯ ದಿನ ನಾನು ಬಂದಾಗ ಅವಳ ಮುಖ ಬೆಳಗುತ್ತಿತ್ತು. ಅಜ್ಜ ಮಧ್ಯಾಹ್ನ ಭಟ್ಟಿಗೆ ಬಂದು ಹೋಗಿದ್ದರಂತೆ. "ನೀನು ಪೇಪರಿನಲ್ಲಿದ್ದೂ ಸರಿಯಾಗಿ ನೋಡಿಲ್ಲ ನೋಡು!" ಎಂದು ಪ್ಲಾಸ್ಟಿಕ್ ಕವರಿನಿಂದ ಒಂದು ಪೇಪರಿನ ತುಂಡು ತೆಗೆದು ನನ್ನ ಮುಂದೆ ಹಿಡಿದಳು.

ಅದು ಭಾನುವಾರದ ಪದಬಂಧ. ಖಾಲಿ ಮನೆಗಳನ್ನೆಲ್ಲ ಅಜ್ಜ ಕಪ್ಪು ಶಾಯಿಯಲ್ಲಿ, ಅಚ್ಚಿನ ಅಕ್ಷರದಂತೆ ಕಾಣುವ ಹಾಗೆ, ಗೆರೆಗೆರೆಯನ್ನೂ ತಿದ್ದಿ ತೀಡಿ ತುಂಬಿದ್ದರು. ನಡುವೆ ಇಮರು. ಓದಲು ಬಾರದವಳಿಗೆ ಅದು ಅಚ್ಚೇ. "ಇದು ನಿಮ್ಮಾತು, ಇಲ್ಲಿ, ಈ ಮೂರು ಮನಿ" ಎಂದು ಬೆರಳಿಟ್ಟು ತೋರಿಸಿ, ಚಹಾ ಕುಡಿದು, ಒಂದು ಪಾವು ಮಂಡಕ್ಕಿ ಕಟ್ಟಿಸಿಕೊಂಡು ಹೋಗಿದ್ದರು. ನನ್ನ ಬಗ್ಗೆ ಒಂದು ಮಾತು ಆಡಿರಲಿಲ್ಲ.

"ಓದು, ನೀನೂ ಓದು" ಎಂದಳು ಅಮ್ಮಿ.

"ಇಮರು" ಎಂದು ಓದಿದೆ. ಅವಳು ಇನ್ನೊಮ್ಮೆ ಓದಿಸಿದಳು.

ಕೇಳದ ಮಾತನ್ನು ಎಂದೂ ಬರೆಯದ ಆ ಮುದುಕ, ನನಗಾಗಿ ಅಷ್ಟೂ ಮನೆ ತುಂಬ ಸುಳ್ಳು ಬರೆದುಕೊಟ್ಟಿದ್ದರು.

ಆ ತಿಂಗಳ ಕೊನೆಗೆ ಹರಿಹರಕ್ಕೆ ಹೋದೆ. ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕೆಂದೇ ಹೊರಟಿದ್ದೆ. ಹೊಳೆಯ ಕಡೆಯ ಓಣಿಯಲ್ಲಿ ಅವರದು ಎರಡು ಕೋಣೆಯ ಮನೆ. "ಬಾ ಮಗಳೇ, ಕೂಡು" ಎಂದು ಚಾಪೆ ಹಾಕಿದರು. ಅವರ ಮನೆಯಾಕೆ ಅವಲಕ್ಕಿ ಕೊಟ್ಟರು. ಅಜ್ಜ ಆಫೀಸಿನ ನಲ್ಲಿ ಹೆಂಗೈತೆ ಎಂದು ಕೇಳಿದರು, ಸೋರುತ್ತಿದೆ ಎಂದೆ, ಟ್ಯೂಬಿನ ಎರಡು ಚೂರು ಕತ್ತರಿಸಿ ಕೊಟ್ಟರು. ಅವನ್ನು ಬ್ಯಾಗಿಗೆ ಹಾಕಿಕೊಂಡು ಅವಲಕ್ಕಿ ತಿನ್ನುತ್ತಾ ಕೂತೆ.

ಹೊರಡುವ ಹೊತ್ತಿಗೆ ಅವರೇ ನೀಲಿ ರಟ್ಟಿನ ಪುಸ್ತಕ ತೆಗೆದರು.

"ನಿಂತಿರು. ಅದೂ ಕೆಟ್ಟ ಮಾತೇನಲ್ಲ. ನನ್ನ ಹತ್ರ ಇರ್ಲಿಲ್ಲ, ಬರ್ಕೊಂತೀನಿ" ಎಂದು ಎಡಕ್ಕೆ ಬರೆದರು. ಬಲಕ್ಕೆ 'ಬಾಯಿ' ಎಂದು ಬರೆದು ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ. ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು, "ಬಾಯಿ ಯಾರ್ದು ಮಗಳೇ?"

ನನ್ನದು ಎಂದು ಒಂದು ಮಾತು ಹೇಳುವುದಿತ್ತು. ಅದಕ್ಕಿಂತ ಸುಲಭವಾಗಿ ಅವರು ಕೇಳಲು ಸಾಧ್ಯವೇ ಇರಲಿಲ್ಲ.

"ಬಸ್ಸಿಗೆ ಹೊತ್ತಾಯ್ತು ಅಜ್ಜ" ಎಂದೆ.

"ಹೌದು ಹೌದು, ಹೊರಡು. ಅಮ್ಮಗೆ ಕೇಳ್ದೆ ಅಂತ ಹೇಳು" ಎಂದು ಅವರು ಪುಸ್ತಕವನ್ನು ಹಾಗೆಯೇ ಮುಚ್ಚಿದರು. ಓಣಿಯ ತುದಿಯ ತನಕ ಬಂದು ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದರು. ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಸಲ ಹೋದದ್ದು ಅವರು ತೀರಿಕೊಂಡ ಸುದ್ದಿ ಬಂದ ದಿನ. ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಂಗಳದಲ್ಲಿ ಯಾರು ಯಾರೋ ಕೂತಿದ್ದರು: ಹೂವಿನಾಕೆ, ಕಂಡಕ್ಟರ್, ಆನಗೋಡಿನ ಮೊಸರಿನವಳು. ಒಬ್ಬರಿಗೊಬ್ಬರ ಪರಿಚಯವಿಲ್ಲ, ಆದರೆ ಇಬ್ಬರು ಮೂವರ ಬಳಿ ಹಳೆಯ ಪೇಪರಿನ ತುಂಡುಗಳಿದ್ದವು. ಮೊಸರಿನಾಕೆ ನನ್ನ ಗುರುತು ಹಿಡಿದು, "ನೀ ಪೇಪರ್ ಹುಡುಗಿ ಅಲ್ಲೇನವ್ವಾ? ಅಜ್ಜ ಸುಳ್ಳು ಬರ್ಯೋರಲ್ಲ, ಆ ಕತಿಲದ್ದು ಅದ್ಯಾಕ ಹಂಗಾತು?" ಎಂದಳು. ನಾನು ಎದ್ದು ಬೇರೆ ಕಡೆ ಹೋಗಿ ಕೂತೆ. ಅಜ್ಜನ ಮನೆಯಾಕೆ ಆ ಪುಸ್ತಕ ನೋಡುತ್ತೀಯಾ ಎಂದು ತಂದುಕೊಟ್ಟರು. ಕೊನೆಯ ಪುಟದ ಕೊನೆಯ ಸಾಲು: ನಿಂತಿರು. ಬಾಯಿ, ಅದರ ಮುಂದೆ ಏನೂ ಇಲ್ಲ. ಅದರ ನಂತರ ಅವರು ಒಂದು ಮಾತನ್ನೂ ಬರೆದಿರಲಿಲ್ಲ. ನನ್ನ ಬ್ಯಾಗಿನಲ್ಲಿ ಪೆನ್ನಿತ್ತು. ಇಪ್ಪತ್ತು ಜನರೆದುರು ಅದನ್ನು ತೆಗೆಯುವ ಧೈರ್ಯ ಬರಲಿಲ್ಲ, ಪುಸ್ತಕ ವಾಪಸು ಕೊಟ್ಟು ಬಂದೆ.

ಅಮ್ಮಿ ಆ ತುಂಡನ್ನು ಈಗಲೂ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. ಮನೆಗೆ ಬಂದ ನೆಂಟರಿಗೆ ತೋರಿಸುತ್ತಾಳೆ, ನನ್ನಿಂದ ಓದಿಸುತ್ತಾಳೆ. ಪ್ರತಿ ಸಲವೂ ಓದುತ್ತೇನೆ.

ಈ ಬರಹವನ್ನು ಸಂಪಾದಕರಿಗೆ ಕೊಡುವಾಗ ಅಂದು ಬ್ಯಾಗಿಗೆ ಹಾಕಿಕೊಂಡಿದ್ದ ಅಜ್ಜನ ಹಾಳೆಯನ್ನೂ ಜೊತೆಗಿಟ್ಟಿದ್ದೇನೆ, ಅಂಚಿನ ಪೆನ್ಸಿಲ್ ಅಕ್ಷರ ಇನ್ನೂ ಅಳಿಸಿಲ್ಲ. ಒಂದು ಪದವನ್ನೂ ತಿದ್ದಬೇಡಿ ಎಂದು ಕೇಳಿಕೊಂಡಿದ್ದೇನೆ. ಅಚ್ಚಾದ ದಿನ ಅಮ್ಮಿ "ಏನು ಬರೆದಿದ್ದೀಯ, ಓದು" ಎನ್ನುತ್ತಾಳೆ. ಅವಳಿಗೆ ಓದಿ ಹೇಳಬೇಕಾದವಳು ನಾನೇ, ಮೊದಲಿನಿಂದ ಕೊನೆಯ ತನಕ, ನಡುವೆ ಒಂದು ಸಾಲನ್ನೂ ಹಾರಿಸದೆ. ಅವಳು ಏನನ್ನುತ್ತಾಳೋ ನನಗೆ ಗೊತ್ತಿಲ್ಲ. ಅಜ್ಜನಿಗೆ ಖಾಲಿ ಮನೆ ಆಗುತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತು.

ಇಮರು. ಬಾಯಿ: ನಮ್ಮ ಅಮ್ಮಿ.

ನಿಂತಿರು. ಬಾಯಿ: ನನ್ನದು, ಅಜ್ಜ.